‘ಅಣ್ಣಾ, ಇದರಲ್ಲಿ ನನ್ನ ಮಗನ ಪುಟ ಯಾವುದು?’

ದುಬೈನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ನಡೆಯುವ ಗೆಟೆಕ್ಸ್ ಶಿಕ್ಷಣ ಮೇಳದಿಂದ ಹೊರಗೆ ಬರುವ ತಂದೆ ತಾಯಂದಿರ ಕೈ ನೋಡಿ. ಎರಡು ಕೈಗೂ ಚೀಲ, ಚೀಲದ ತುಂಬ ನುಣುಪು ಕಾಗದದ ಪ್ರಾಸ್ಪೆಕ್ಟಸ್‌ಗಳು. ಮಗಳು ಹನ್ನೆರಡನೇ ತರಗತಿಯಲ್ಲಿದ್ದ ವರ್ಷ ನಾನೂ ಹಾಗೇ ಹೊತ್ತು ತಂದು ಕರಾಮಾದ ಮನೆಯ ಊಟದ ಮೇಜಿನ ಮೇಲೆ ಸುರಿದಿದ್ದೆ. ಎಣಿಸಿದರೆ ಮೂವತ್ತೊಂದು ಪುಸ್ತಿಕೆ. ಎಲ್ಲದರ ಮುಖಪುಟದಲ್ಲೂ ಹಸಿರು ಹುಲ್ಲು, ಗಾಜಿನ ಕಟ್ಟಡ, ನಗುವ ಮಕ್ಕಳು. ಮೂರು ಸಂಜೆ ಕೂತು ಓದಿದೆವು. ಎರಡು ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಈ ಪದವಿಯನ್ನು ಊರಿನಲ್ಲಿ ಒಪ್ಪುತ್ತಾರೆಯೇ? ನಾಲ್ಕು ವರ್ಷಕ್ಕೆ ಎಲ್ಲ ಸೇರಿ ಎಷ್ಟು ಖರ್ಚು?

ಪ್ರಾಸ್ಪೆಕ್ಟಸ್ ಎಂದರೆ ಕಾಲೇಜು ತನ್ನ ಬಗ್ಗೆ ತಾನೇ ಬರೆದುಕೊಂಡದ್ದು. ಅದರಲ್ಲಿ ಈ ಉತ್ತರಗಳನ್ನು ಹುಡುಕಿದ್ದೇ ನಮ್ಮ ತಪ್ಪು. ಕೈಪಿಡಿಯನ್ನು ಬೇರೆಯವರು ಬರೆಯುತ್ತಾರೆ. ಹಲವು ಕಾಲೇಜುಗಳನ್ನು ಒಂದೇ ಅಳತೆಗೋಲಿನಿಂದ ಅಳೆಯುತ್ತಾರೆ. ಅಂಥ ಕೈಪಿಡಿಗಳು ಯಾವುವು, ಅವು ಯಾರಿಗಾಗಿ ಬರೆದವು, ದುಬೈ–ಅಬುಧಾಬಿಯ ಕನ್ನಡ ಮನೆಯೊಂದಕ್ಕೆ ಅವುಗಳಿಂದ ಎಷ್ಟು ಉಪಯೋಗ? ಕೆಲವು ವರ್ಷಗಳಿಂದ ನನ್ನ ಮನೆಗೂ ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೂ ಬಂದು ಕೇಳುವವರ ಜೊತೆ ಕೂತು ಇವನ್ನೆಲ್ಲ ಓದಿದ್ದೇನೆ. ಆ ಓದಿನ ಲೆಕ್ಕ ಇದು.

ಅಮೆರಿಕದವರಿಗೆ ಈ ಜಾತಿಯ ಪುಸ್ತಕ ಹಳೆಯ ಪರಿಚಯ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಶಿಕ್ಷಣ ಸಂಪಾದಕರಾಗಿದ್ದ ಎಡ್ವರ್ಡ್ ಫಿಸ್ಕ್ 1982ರಲ್ಲಿ ಶುರು ಮಾಡಿದ ಕೈಪಿಡಿ ಇವತ್ತಿಗೂ ಅವರ ಹೆಸರಿನಲ್ಲೇ ಬರುತ್ತಿದೆ. ಸುಮಾರು ಮುನ್ನೂರು ಕಾಲೇಜುಗಳನ್ನು ಆರಿಸಿ, ಅಲ್ಲಿ ಓದುವ ಮಕ್ಕಳಿಗೇ ಪ್ರಶ್ನಾವಳಿ ಕಳಿಸಿ, ಪಾಠ ಹೇಗೆ, ಹಾಸ್ಟೆಲ್ ಹೇಗೆ, ಊಟ ಹೇಗೆ ಎಂದು ಕೇಳಿ ಬರೆಯುವ ಕ್ರಮ ಅದರದು. ಓದಲು ಸೊಗಸು. ಮಗುವಿಗೆ ಅಮೆರಿಕದ ಆಸೆಯಿದ್ದರೆ, ಕೈಯಲ್ಲಿ ದುಡ್ಡಿದ್ದರೆ ಕೊಳ್ಳಬೇಕಾದ ಪುಸ್ತಕ. ಬ್ರಿಟನ್ನಿನ ಪತ್ರಿಕೆಗಳೂ ಇಂಥ ಕೈಪಿಡಿ ತರುತ್ತವೆ. ನಮ್ಮ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ ಹೊರತರುವ ‘ಯೂನಿವರ್ಸಿಟೀಸ್ ಹ್ಯಾಂಡ್‌ಬುಕ್’ ದಪ್ಪನೆಯ ಗ್ರಂಥ. ಯಾವ ವಿಶ್ವವಿದ್ಯಾಲಯ ಎಲ್ಲಿದೆ, ಯಾವ ಕೋರ್ಸಿದೆ ಎಂದು ಹೇಳುತ್ತದೆ. ಯಾವುದು ಒಳ್ಳೆಯದು ಎಂಬ ಮಾತಿಗೆ ಹೋಗುವುದಿಲ್ಲ.

ಕನ್ನಡಿಗರಿಗೆ ನಿಜವಾಗಿ ಕೈಪಿಡಿ ಎಂಬಂಥದ್ದು ಸಿಕ್ಕಿದ್ದು ಸಿಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದ ಮೇಲೆ. ಅದಕ್ಕೆ ಮುಂಚಿನ ಕಾಲ ಕರಾವಳಿಯ ಗಲ್ಫ್ ಕುಟುಂಬಗಳಿಗೆ ಚೆನ್ನಾಗಿ ನೆನಪಿದೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು. 1960ರಲ್ಲಿ ಸುರತ್ಕಲ್ಲಿನಲ್ಲಿ, ಇಂದು ಎನ್‌ಐಟಿ ಆಗಿರುವ ಕೆಆರ್‌ಇಸಿ ಬಂತು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಖಾಸಗಿ ಕಾಲೇಜುಗಳು ರಾಜ್ಯದ ತುಂಬ ಬೆಳೆದವು. ಸೀಟಿಗೆ ಡೊನೇಷನ್ ಎಷ್ಟು ಎಂಬುದು ಮನೆಮನೆಯ ಮಾತಾಯಿತು. ಆಗ ಕಾಲೇಜು ಆರಿಸುವುದೆಂದರೆ ಪರಿಚಯದವರ ಮಾತು, ಮಾವನ ಶಿಫಾರಸು, ಗಲ್ಫ್‌ನಲ್ಲಿರುವ ಅಣ್ಣ ಕಳಿಸುವ ಡ್ರಾಫ್ಟ್, ಇಷ್ಟೇ. 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧದ ಕಾಯ್ದೆ ಬಂತು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು, ಅದರ ಮರುವರ್ಷ ಸಿಇಟಿ ಘಟಕ. ರ‍್ಯಾಂಕ್ ಇದ್ದವನಿಗೆ ಸೀಟು ಎಂಬ ನಿಯಮ ಬಂದ ಕೂಡಲೇ ‘ಯಾವ ಕಾಲೇಜು?’ ಎಂಬ ಪ್ರಶ್ನೆ ಮೊದಲ ಬಾರಿಗೆ ಸಾಮಾನ್ಯ ಮನೆಯ ಪ್ರಶ್ನೆಯಾಯಿತು. ಅಲ್ಲಿಯವರೆಗೆ ಆಯ್ಕೆಯೇ ಇಲ್ಲದವರಿಗೆ ಕೈಪಿಡಿ ಯಾಕೆ ಬೇಕಿತ್ತು?

ಆನ್‌ಲೈನ್ ಬರುವ ಮುಂಚೆ ಬೆಂಗಳೂರಿಗೆ ಕೌನ್ಸೆಲಿಂಗ್‌ಗೆ ಹೋದವರು ಆ ದೃಶ್ಯ ಮರೆತಿರಲಾರರು. ಒಳಗೆ ಪರದೆಯ ಮೇಲೆ ಉಳಿದ ಸೀಟುಗಳ ಅಂಕಿ ಒಂದೊಂದಾಗಿ ಇಳಿಯುತ್ತಿರುತ್ತದೆ. ಹೊರಗೆ ಅಪ್ಪಂದಿರು ಮಾಹಿತಿ ಪುಸ್ತಿಕೆ ಹಿಡಿದು, ಕಾಲೇಜುಗಳ ಹೆಸರಿಗೆ ಪೆನ್ನಿನಲ್ಲಿ ಗೀಟು ಹಾಕುತ್ತ ನಿಂತಿರುತ್ತಾರೆ. ಆ ಪುಸ್ತಿಕೆಯೇ ಇವತ್ತಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಎಂದರೆ ಕೆಇಎಯ, ಮಾಹಿತಿ ಕೈಪಿಡಿಯ ಹಿರಿಯ. ಈಗ ಅದು ಕಂಪ್ಯೂಟರಿನಲ್ಲೇ ಬರುತ್ತದೆ. ಆದರೂ ಕರಾಮಾದ ಟೈಪಿಂಗ್ ಸೆಂಟರ್‌ಗಳಲ್ಲಿ ಅದನ್ನು ಮುದ್ರಿಸಿ, ಸ್ಪೈರಲ್ ಬೈಂಡ್ ಮಾಡಿಸಿಕೊಂಡು ಹೋಗುವವರನ್ನು ಪ್ರತಿ ವರ್ಷ ನೋಡುತ್ತೇನೆ. ಗೀಟು ಹಾಕದೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ ಎಂಬುದು ಅವರಿಗೆ ಅನುಭವದಿಂದ ಗೊತ್ತು.

ಹಾಗೆ ಸ್ಪೈರಲ್ ಬೈಂಡ್ ಹಿಡಿದುಕೊಂಡು ಒಂದು ಶುಕ್ರವಾರ ಅಬುಧಾಬಿಯ ಮುಸಫ್ಫಾದಿಂದ ಗೆಳೆಯನೊಬ್ಬ ಬಂದ. ಬೆಳ್ತಂಗಡಿ ಕಡೆಯವನು, ವರ್ಕ್‌ಶಾಪೊಂದರಲ್ಲಿ ಸ್ಟೋರ್ ಕೀಪರ್. ಮಗ ಇಲ್ಲೇ ಒಂಬತ್ತನೇ ತರಗತಿ. ಪುಸ್ತಕವನ್ನು ಮೇಜಿನ ಮೇಲಿಟ್ಟು, ‘ಅಣ್ಣಾ, ಇದರಲ್ಲಿ ನನ್ನ ಮಗನ ಪುಟ ಯಾವುದು?’ ಎಂದು ಕೇಳಿದ. ಅದಕ್ಕಿಂತ ಸರಿಯಾದ ಪ್ರಶ್ನೆಯನ್ನು ಈ ವಿಷಯದಲ್ಲಿ ನಾನು ಇನ್ನೂ ಕೇಳಿಲ್ಲ.

ಅವನು ಗೀಟು ಹಾಕಿದ್ದೆಲ್ಲ ಕಾಲೇಜುಗಳ ಹೆಸರಿಗೆ, ಹಿಂದಿನ ವರ್ಷದ ಕಟ್‌ಆಫ್ ರ‍್ಯಾಂಕಿಗೆ. ನಾನು ಮುಂದಿನ ಪುಟಗಳಿಗೆ ತಿರುಗಿಸಿದೆ. ಅರ್ಹತೆಯ ಷರತ್ತುಗಳು ಅಲ್ಲಿವೆ. ಸರ್ಕಾರಿ ಕೋಟಾದ ಸೀಟಿಗೆ ಮೊದಲ ಷರತ್ತು, ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ದುಬೈ, ಅಬುಧಾಬಿಯಲ್ಲಿ ಬೆಳೆದ ಮಗು ಅಲ್ಲೇ ಹೊರಬಿತ್ತು. ಅದರ ಕೆಳಗೆ ಇನ್ನೊಂದಿದೆ. ಮಗು ಪಿಯುಸಿಯ ಎರಡು ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಿದ್ದು, ತಂದೆ ಅಥವಾ ತಾಯಿ 7 ವರ್ಷ ಕರ್ನಾಟಕದಲ್ಲಿ ಓದಿದ್ದರೆ ಆದೀತು. ನನ್ನ ಗೆಳೆಯನ ಮಗನ ಪುಟ ಅದು, ಆ ನಾಲ್ಕು ಸಾಲು. ಅದಕ್ಕೆ ಬೇಕಾದ್ದು ಮಗನ ಅಂಕಪಟ್ಟಿಗಿಂತ ಮೊದಲು ಅಪ್ಪನ ವ್ಯಾಸಂಗ ಪ್ರಮಾಣಪತ್ರ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಯೊಂದಿಗೆ. ಅವನು ಆ ಬೇಸಿಗೆ ರಜೆಯಲ್ಲಿ ತಾನು ಕಲಿತ ಹಳ್ಳಿಯ ಶಾಲೆಗೆ ಹೋಗಿ, ದಾಖಲಾತಿ ರಿಜಿಸ್ಟರ್ ತೆಗೆಸಿ, ಹೆಸರು ಹುಡುಕಿಸಿ, ಸಹಿ ಹಾಕಿಸಿಕೊಂಡು ಬಂದ. ಮೂವತ್ತು ವರ್ಷದ ಹಿಂದಿನ ಆ ಪುಟದಲ್ಲಿ ತನ್ನ ಅಪ್ಪನ ಹೆಬ್ಬೆಟ್ಟಿನ ಗುರುತು ಕಂಡಿತೆಂದು ಫೋನಿನಲ್ಲಿ ಹೇಳುವಾಗ ಅವನ ಗಂಟಲು ಕಟ್ಟಿತ್ತು.

ಇದೇ ಪುಟಗಳಲ್ಲಿ ಹೊರನಾಡು ಕನ್ನಡಿಗ, ಗಡಿನಾಡು ಕನ್ನಡಿಗ ಎಂಬ ಮಾತುಗಳೂ ಬರುತ್ತವೆ; ಅವರಿಗೆ ಕನ್ನಡ ಭಾಷಾ ಪರೀಕ್ಷೆ ಇದೆ. ಕಾಸರಗೋಡು, ಮಂಜೇಶ್ವರದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆಗಳು ಇವೆಯಲ್ಲ, ಅವರು ಈ ಸಾಲುಗಳನ್ನು ಅಕ್ಷರ ಬಿಡದೆ ಓದಬೇಕು. ‘ಹೊರನಾಡು’ ಎಂಬ ಪದ ಕಂಡ ಕೂಡಲೇ ಗಲ್ಫಿನವರು ಅದು ತಮಗೇ ಹೇಳಿದ್ದೆಂದು ತಿಳಿಯಬಾರದು. ಬೀದರ್, ಕಲಬುರಗಿ, ರಾಯಚೂರು ಕಡೆಯ ಕುಟುಂಬಗಳಿಗೆ ಸಂವಿಧಾನದ 371 (ಜೆ) ವಿಧಿಯ ಮೀಸಲಾತಿ ಬೇರೆಯೇ ಇದೆ. ಸೀಟ್ ಮ್ಯಾಟ್ರಿಕ್ಸ್ ಎಂಬ ಕೋಷ್ಟಕದಲ್ಲಿ ಜಿಎಂ ಎಂದರೆ ಸಾಮಾನ್ಯ ವರ್ಗ, ಜಿಎಂಕೆ ಎಂದರೆ ಕನ್ನಡ ಮಾಧ್ಯಮ, ಜಿಎಂಆರ್ ಎಂದರೆ ಗ್ರಾಮೀಣ. ವೈದ್ಯಕೀಯದಲ್ಲಿ ‘ಎನ್’ ಎಂದರೆ ಎನ್‌ಆರ್‌ಐ. ತನ್ನ ಕಾಲಂ ಯಾವುದೆಂದು ತಿಳಿಯದೆ ಬೇರೆಯವರ ಕಾಲಂನ ಕಟ್‌ಆಫ್ ನೋಡಿ ಎದೆಗುಂದಿದವರೂ ಇದ್ದಾರೆ, ಸುಮ್ಮನೆ ಹಿಗ್ಗಿದವರೂ ಇದ್ದಾರೆ.

ಸಿಇಟಿ ಮೊದಲ ಬಾಗಿಲಾಯಿತು. ಈಗ ಎರಡನೆಯ ಬಾಗಿಲಿಗೆ ಬನ್ನಿ. ಎನ್‌ಐಟಿಗಳಿಗೆ, ಎಂದರೆ ನಮ್ಮ ಸುರತ್ಕಲ್‌ಗೂ, ಹೊರದೇಶದಲ್ಲಿ ಓದಿದ ಮಕ್ಕಳು ‘ದಾಸಾ’ ಎಂಬ ಯೋಜನೆಯಲ್ಲಿ ಸೇರಬಹುದು. ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇಕಡ 15. ಅದರಲ್ಲಿ ಮೂರನೇ ಒಂದು ಪಾಲು ಗಲ್ಫ್ ದೇಶಗಳಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ. ಈ ಉಪವಿಭಾಗವನ್ನು ಸಿಐಡಬ್ಲ್ಯುಜಿ ಎನ್ನುತ್ತಾರೆ. ಉಳಿದವರು ಡಾಲರಿನಲ್ಲಿ ಕಟ್ಟುವ ಕಡೆ ಈ ಮಕ್ಕಳಿಗೆ ಊರಿನ ಮಕ್ಕಳ ಮಟ್ಟದ ಬೋಧನಾ ಶುಲ್ಕ. ಮುಸಫ್ಫಾದ ಸ್ಟೋರ್ ಕೀಪರ್, ಸೋನಾಪುರದ ಫೋರ್‌ಮನ್, ಶಾರ್ಜಾದ ಗುಮಾಸ್ತನ ಮಗುವಿಗಾಗಿಯೇ ಮಾಡಿದ ಬಾಗಿಲು ಅದು. ಆದರೆ ಅದರ ಷರತ್ತು, ಹನ್ನೊಂದು ಮತ್ತು ಹನ್ನೆರಡನ್ನು ಹೊರದೇಶದಲ್ಲೇ ಓದಿರಬೇಕು.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಸಿಇಟಿಯ ಬಾಗಿಲು ತೆರೆಯಬೇಕಾದರೆ ಹನ್ನೊಂದು ಹನ್ನೆರಡು ಕರ್ನಾಟಕದಲ್ಲಿ. ದಾಸಾ ಬಾಗಿಲು ತೆರೆಯಬೇಕಾದರೆ ಅದೇ ಎರಡು ವರ್ಷ ಇಲ್ಲಿ. ಒಂದು ತೆರೆದರೆ ಇನ್ನೊಂದು ಮುಚ್ಚುತ್ತದೆ. ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ಮಗುವನ್ನು ಮೂಡುಬಿದಿರೆಯ, ಮಂಗಳೂರಿನ ಪಿಯು ಹಾಸ್ಟೆಲಿಗೆ ಬಿಟ್ಟು ಬರುವ ತಂದೆ ತಾಯಿ, ಪಿಯುಸಿ ಚೆನ್ನಾಗಿ ಆಗಲಿ ಎಂದಷ್ಟೇ ಯೋಚಿಸಿರುತ್ತಾರೆ. ಅವರು ಆ ದಿನ ಎಂಜಿನಿಯರಿಂಗ್ ಕಾಲೇಜನ್ನೂ ಆರಿಸಿಬಿಟ್ಟಿರುತ್ತಾರೆ. ಕೈಪಿಡಿ ಕೊಳ್ಳುವುದು ಹನ್ನೆರಡನೇ ತರಗತಿಯಲ್ಲಿ. ನಿರ್ಧಾರ ಆಗಿಹೋದದ್ದು ಹತ್ತರಲ್ಲಿ. ನನ್ನ ಕೈಗೆ ಬಂದ ಯಾವ ಕೈಪಿಡಿಯೂ ಈ ಎರಡು ಷರತ್ತನ್ನು ಒಂದೇ ಪುಟದಲ್ಲಿ ಹೇಳಿಲ್ಲ. ಕೆಇಎಯ ಪುಸ್ತಕ ಕೆಇಎಯ ಬಾಗಿಲನ್ನು ತೋರಿಸುತ್ತದೆ, ದಾಸಾ ಪುಸ್ತಕ ದಾಸಾದ್ದನ್ನು. ಎರಡರ ನಡುವೆ ನಿಂತ ಮನೆಯ ಬಗ್ಗೆ ಬರೆಯುವುದು ಯಾರ ಕೆಲಸವೂ ಆಗಿಲ್ಲ. ನನಗೆ ಇಡೀ ವಿಷಯದಲ್ಲಿ ಅತಿ ದೊಡ್ಡ ಕೊರತೆಯಾಗಿ ಕಾಣುವುದು ಇದೇ.

ಮೂರನೆಯ ದಾರಿ, ಇಲ್ಲೇ ಓದಿಸುವುದು. ನಾನು ಬಂದ ಹೊಸದರಲ್ಲಿ ಇದನ್ನು ಯೋಚಿಸುವವರು ಕಡಿಮೆ. ಈಗ ಹಲವರ ಮೊದಲ ಯೋಚನೆಯೇ ಇದು. ವುಲೊಂಗಾಂಗ್ ವಿಶ್ವವಿದ್ಯಾಲಯ 1993ರಲ್ಲೇ ದುಬೈಗೆ ಬಂದಿತ್ತು. 2000ದಲ್ಲಿ ಪಿಲಾನಿಯ ಬಿಟ್ಸ್ ಮತ್ತು ನಮ್ಮ ಮಣಿಪಾಲ ಬಂದವು, 2005ರಲ್ಲಿ ಹೆರಿಯಟ್-ವಾಟ್ ಮತ್ತು ಮಿಡ್ಲ್‌ಸೆಕ್ಸ್. ಅಜ್ಮಾನಿನಲ್ಲಿ 1998ರಲ್ಲಿ ಮಂಗಳೂರು ಕಡೆಯ ತುಂಬೆ ಮೊಯಿದೀನ್ ಅವರು ಕಟ್ಟಿದ ವೈದ್ಯಕೀಯ ಕಾಲೇಜು ಇಂದು ಗಲ್ಫ್ ಮೆಡಿಕಲ್ ಯೂನಿವರ್ಸಿಟಿ. ಅಬುಧಾಬಿಯಲ್ಲಿ 2006ರಲ್ಲಿ ಸೊರ್ಬಾನ್, 2010ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯ. 2024ರಲ್ಲಿ ದೆಹಲಿ ಐಐಟಿಯ ಅಬುಧಾಬಿ ಕ್ಯಾಂಪಸ್‌ನಲ್ಲಿ ಬಿಟೆಕ್ ಶುರುವಾಯಿತು. 2022ರ ವೀಸಾ ಸುಧಾರಣೆಯ ನಂತರ ಗಂಡುಮಕ್ಕಳನ್ನು 25 ವರ್ಷದವರೆಗೆ ತಂದೆ ತಾಯಿಯೇ ಸ್ಪಾನ್ಸರ್ ಮಾಡಬಹುದು. ಮುಂಚೆ 18ಕ್ಕೇ ಆತಂಕ ಶುರುವಾಗುತ್ತಿತ್ತು. ಮನೆಯ ಊಟ, ಮನೆಯ ಕಣ್ಣು ಎರಡೂ ಸಿಗುತ್ತವೆ.

ಇಲ್ಲಿನ ಕಾಲೇಜುಗಳ ಕೈಪಿಡಿ ಓದುವಾಗ ಒಂದೇ ಪದದ ಮೇಲೆ ಬೆರಳಿಡಬೇಕು. ‘ಮಾನ್ಯತೆ ಪಡೆದಿದೆ’ ಎಂಬ ಪದ. ಯಾರಿಂದ? ದೇಶದ ಮಟ್ಟದಲ್ಲಿ ಕಮಿಷನ್ ಫಾರ್ ಅಕಾಡೆಮಿಕ್ ಅಕ್ರೆಡಿಟೇಶನ್ ಇದೆ. ದುಬೈನ ಫ್ರೀ ಝೋನ್‌ಗಳ ಶಾಖಾ ಕ್ಯಾಂಪಸ್‌ಗಳನ್ನು ನೋಡಿಕೊಳ್ಳುವುದು ದುಬೈ ಸರ್ಕಾರದ ಶಿಕ್ಷಣ ಪ್ರಾಧಿಕಾರ ಕೆಎಚ್‌ಡಿಎ. ಭಾರತದಲ್ಲಿ ಮುಂದೆ ಓದುವುದಕ್ಕೆ, ಸರ್ಕಾರಿ ಕೆಲಸಕ್ಕೆ ಸಮಾನತೆಯ ಪತ್ರ ಬೇಕು. ವಿದೇಶಿ ಪದವಿಗಳ ಸಮಾನತೆಗೆ ಯುಜಿಸಿ 2025ರಲ್ಲಿ ಹೊಸ ನಿಯಮಾವಳಿಯನ್ನೇ ಹೊರಡಿಸಿದೆ. ಈ ಮೂರೂ ಬೇರೆ ಬೇರೆ ಬೀಗಗಳು, ಒಂದರ ಕೀಲಿ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ. ನಮ್ಮ ಕಟ್ಟಡದಲ್ಲೇ ಇದ್ದ ಒಂದು ಕುಟುಂಬ, ಬಣ್ಣದ ಪುಸ್ತಿಕೆಯ ಆ ಒಂದು ಪದವನ್ನು ನಂಬಿ, ಏಜೆಂಟ್ ಮೂಲಕ ಮಗನನ್ನು ಸೇರಿಸಿ ನಾಲ್ಕು ವರ್ಷ ಫೀಸು ಕಟ್ಟಿತು. ಊರಿಗೆ ಹೋಗಿ ಸ್ನಾತಕೋತ್ತರಕ್ಕೆ ಅರ್ಜಿ ಹಾಕಿದಾಗ ಆ ಪದವಿ ನಡೆಯಲಿಲ್ಲ. ಆ ತಾಯಿ ಅಂದು ಪುಸ್ತಿಕೆಯನ್ನು ನನ್ನ ಮುಂದೆ ಬಿಚ್ಚಿ, ಆ ಪದವನ್ನು ಬೆರಳಿನಿಂದ ಒತ್ತಿ ತೋರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಗ ಮತ್ತೆ ಮೊದಲ ವರ್ಷದಿಂದ ಓದಿದ.

ವೈದ್ಯಕೀಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ನೀಟ್ ಪ್ರವೇಶ ಪರೀಕ್ಷೆ ಇಲ್ಲದೆ ಭಾರತದಲ್ಲೂ ಇಲ್ಲ, ಹೊರಗೆ ಓದಿ ಭಾರತಕ್ಕೆ ಮರಳುವುದೂ ಇಲ್ಲ. ದುಬೈಯಲ್ಲಿ ನೀಟ್ ಕೇಂದ್ರ ಬಂದದ್ದು 2021ರಲ್ಲಿ. ಅದೇ ವರ್ಷದ ನಿಯಮದ ಪ್ರಕಾರ ಹೊರದೇಶದ ಎಂಬಿಬಿಎಸ್‌ಗೆ ಕನಿಷ್ಠ 54 ತಿಂಗಳ ಓದು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಬೇಕು. 2021ಕ್ಕಿಂತ ಹಿಂದೆ ಅಚ್ಚಾದ ‘ವಿದೇಶದಲ್ಲಿ ಎಂಬಿಬಿಎಸ್’ ಪುಸ್ತಕ ಮನೆಯಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಿ. ಊರಿನ ಖಾಸಗಿ ಕಾಲೇಜುಗಳ ಎನ್‌ಆರ್‌ಐ ಸೀಟಿಗೆ ಸುಪ್ರೀಂ ಕೋರ್ಟಿನ 2005ರ ಇನಾಮ್ದಾರ್ ತೀರ್ಪು ಶೇಕಡ 15ರ ಮಿತಿ ಹಾಕಿದೆ; ಆ ಸೀಟುಗಳ ಶುಲ್ಕ ಗಲ್ಫ್ ಸಂಬಳದ ಎಲ್ಲರಿಗೂ ಎಟುಕುವಂಥದ್ದಲ್ಲ.

ಅಚ್ಚಾದ ಪುಸ್ತಕದ ದೊಡ್ಡ ಶತ್ರು ಕಾಲ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ 2008ರಲ್ಲಿ ದುಬೈಯಲ್ಲಿ ಕ್ಯಾಂಪಸ್ ತೆರೆಯಿತು. 2010ರಲ್ಲಿ ಪದವಿ ಕೋರ್ಸುಗಳನ್ನು ನಿಲ್ಲಿಸುವುದಾಗಿ ಹೇಳಿತು. ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ರಾಸ್ ಅಲ್ ಖೈಮಾ ಶಾಖೆ ಒಬ್ಬನೇ ಒಬ್ಬ ಪದವೀಧರನನ್ನು ಹೊರತರುವ ಮುಂಚೆ 2009ರಲ್ಲಿ ಮುಚ್ಚಿತು. 2008ರಲ್ಲಿ ಅಚ್ಚಾದ ಕೈಪಿಡಿಯಲ್ಲಿ ಎರಡಕ್ಕೂ ಒಳ್ಳೆಯ ಮಾತೇ ಇದ್ದಿರುತ್ತದೆ. ಬರೆದವರ ತಪ್ಪೇನೂ ಇಲ್ಲ. ದಾಸಾಗೆ ಮೊದಲು ಸ್ಯಾಟ್ ಸಬ್ಜೆಕ್ಟ್ ಪರೀಕ್ಷೆಯ ಅಂಕ ಬೇಕಿತ್ತು. 2021ರ ಜನವರಿಯಲ್ಲಿ ಆ ಪರೀಕ್ಷೆಯನ್ನೇ ನಿಲ್ಲಿಸುವ ಪ್ರಕಟಣೆ ಬಂತು, ಅದರ ಜಾಗಕ್ಕೆ, ಜೆಇಇ ಮೇನ್ ಬಂತು. ದಪ್ಪ ದಪ್ಪ ತಯಾರಿ ಪುಸ್ತಕಗಳು ಒಂದೇ ದಿನದಲ್ಲಿ ರದ್ದಿಯಾದವು. ಹಾಗಾಗಿ ಯಾವ ಕೈಪಿಡಿ ಸಿಕ್ಕರೂ ನಾನು ಮೊದಲು ನೋಡುವುದು ಅಚ್ಚಾದ ವರ್ಷ. ಎರಡನೆಯದಾಗಿ ಜಾಹೀರಾತಿನ ಪುಟಗಳು. ಹೊಗಳಿಕೆಯ ಲೇಖನ ಬಂದ ಕಾಲೇಜಿನದೇ ಬಣ್ಣದ ಜಾಹೀರಾತು ಎದುರು ಪುಟದಲ್ಲಿದ್ದರೆ ಆ ಲೇಖನ ಓದುವುದು ಬಿಡುತ್ತೇನೆ.

ರ‍್ಯಾಂಕಿಂಗ್ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಕೈಪಿಡಿ ಕೊಳ್ಳುವವರು ಹೆಚ್ಚಾಗಿ ನೋಡುವುದು ಅದನ್ನೇ. ಅಮೆರಿಕದ ಪ್ರಸಿದ್ಧ ಪಟ್ಟಿಯೊಂದರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಎರಡನೆಯ ಸ್ಥಾನದಲ್ಲಿತ್ತು. 2022ರಲ್ಲಿ ಅಲ್ಲಿಯದೇ ಗಣಿತದ ಪ್ರಾಧ್ಯಾಪಕ ಮೈಕೇಲ್ ಥಾಡ್ಡಿಯಸ್ ಅವರು ವಿಶ್ವವಿದ್ಯಾಲಯ ಕೊಟ್ಟ ಅಂಕಿಅಂಶಗಳನ್ನು ಕೂತು ಲೆಕ್ಕ ಹಾಕಿ, ಹೊಂದುವುದಿಲ್ಲ ಎಂದು ತೋರಿಸಿದರು. ಸಂಸ್ಥೆ ತಪ್ಪನ್ನು ಒಪ್ಪಿಕೊಂಡಿತು. ಅದೇ ವರ್ಷ ಸ್ಥಾನ 18ಕ್ಕೆ ಇಳಿಯಿತು. ಆ ಒಂದು ವರ್ಷದಲ್ಲಿ ಪಾಠ ಮಾಡುವವರು ಬದಲಾಗಲಿಲ್ಲ, ಗ್ರಂಥಾಲಯ ಕುಗ್ಗಲಿಲ್ಲ. ನಮ್ಮಲ್ಲಿ 2016ರಿಂದ ಎನ್‌ಐಆರ್‌ಎಫ್ ಪಟ್ಟಿ ಬರುತ್ತಿದೆ. ಅದರ ಬಹುಪಾಲು ಅಂಕಿಅಂಶವೂ ಕಾಲೇಜುಗಳೇ ಒದಗಿಸುವಂಥದ್ದು. ಪಟ್ಟಿ ನೋಡಬೇಡಿ ಎಂದು ಹೇಳುತ್ತಿಲ್ಲ. ಹದಿನಾರನೆಯದಕ್ಕೂ ಇಪ್ಪತ್ತೆರಡನೆಯದಕ್ಕೂ ಇರುವ ಅಂತರಕ್ಕಾಗಿ ಮಗುವಿಗೆ ಇಷ್ಟವಾದ ವಿಭಾಗವನ್ನು ಬಿಡಬೇಡಿ ಎನ್ನುತ್ತಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಅಚ್ಚಿನ ಕೈಪಿಡಿಯ ಪರವೇ. ಮೊಬೈಲಿನಲ್ಲಿ ಒಂದು ಕಾಲೇಜಿನ ಹೆಸರು ಹುಡುಕಿದರೆ ಸಂಜೆಯೊಳಗೆ ನಾಲ್ಕು ಏಜೆಂಟರ ಕರೆ ಬರುತ್ತದೆ. ಪುಸ್ತಕ ಯಾರಿಗೂ ನಂಬರ್ ಕೊಡುವುದಿಲ್ಲ. ಅಪ್ಪ, ಅಮ್ಮ, ಮಗು ಮೂವರೂ ಒಂದೇ ಪುಟದ ಮೇಲೆ ತಲೆ ಬಗ್ಗಿಸಿ ಕೂರಬಹುದು. ಅಂಚಿನಲ್ಲಿ ಮಗು ಪೆನ್ಸಿಲಿನಲ್ಲಿ ಬರೆದ ‘ಬೇಡ’ ಎಂಬ ಎರಡಕ್ಷರ, ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳುತ್ತದೆ. ನನ್ನ ಮಗಳು ಕಂಪ್ಯೂಟರ್ ಸೈನ್ಸ್ ಪುಟಗಳಿಗೆಲ್ಲ ಅದನ್ನು ಬರೆದಿದ್ದಳು. ನಾನು ಅದನ್ನು ಓದದೆ ಹೋಗಿದ್ದರೆ ಇವತ್ತು ಅವಳು ಆರ್ಕಿಟೆಕ್ಟ್ ಆಗಿರುತ್ತಿರಲಿಲ್ಲ.

ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ ನಮ್ಮ ಕರ್ನಾಟಕ ಸಂಘಗಳಿವೆ. ಕನ್ನಡ ಮಿತ್ರರು ನಡೆಸುವ ಕನ್ನಡ ಪಾಠಶಾಲೆಯಲ್ಲಿ ಮಕ್ಕಳು ಅಕ್ಷರ ತಿದ್ದುತ್ತಿದ್ದಾರೆ. ಅವರೇ ಕೆಲವು ವರ್ಷದಲ್ಲಿ ಹತ್ತನೇ ತರಗತಿಗೆ ಬರುವವರು. ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ತರುವ ಶಕ್ತಿ ಸಂಘಗಳಿಗಿದೆ, ಜಾಹೀರಾತು ತರುವವರಿದ್ದಾರೆ, ಬರೆಯಬಲ್ಲ ಶಿಕ್ಷಕರು, ಎಂಜಿನಿಯರುಗಳು, ವೈದ್ಯರು ಇದ್ದಾರೆ. ಒಂದು ವರ್ಷ ಸಂಚಿಕೆಯ ಜೊತೆ ನಲವತ್ತು ಪುಟದ ಕೈಪಿಡಿಯೊಂದನ್ನು ಕನ್ನಡದಲ್ಲಿ ತನ್ನಿ. ಅದರಲ್ಲಿ ಕಾಲೇಜಿನ ಜಾಹೀರಾತು ಒಂದೂ ಬೇಡ. ಮುಖಪುಟದಲ್ಲಿ ವರ್ಷ ದೊಡ್ಡದಾಗಿರಲಿ. ಮೊದಲ ಪುಟದಲ್ಲೇ ಸಿಇಟಿ ಷರತ್ತನ್ನೂ ದಾಸಾ ಷರತ್ತನ್ನೂ ಎದುರುಬದುರು ಅಚ್ಚು ಹಾಕಿ. ಅದನ್ನು ಒಂಬತ್ತನೇ ತರಗತಿಯ ಮಕ್ಕಳ ತಂದೆ ತಾಯಂದಿರಿಗೆ ಹಂಚಿ. ಪಟ್ಟಿ ಮಾಡಲು, ಪ್ರೂಫ್ ನೋಡಲು ನಾನು ಬರುತ್ತೇನೆ. ಮುಸಫ್ಫಾದ ಗೆಳೆಯನೂ ಬರುತ್ತೇನೆಂದಿದ್ದಾನೆ.